ಗೃಹ ಜೀರ್ಣೋದ್ಧಾರವೂ ನೆರೆಕರೆಯ ಋಣವೂ

ದೇವಾಲಯವು ಶಿಥಿಲವಾದಾಗ ಊರಿನ ಭಕ್ತಜನರು ಒಂದಾಗಿ ಅದರ ಜೀರ್ಣೋದ್ಧಾರಕ್ಕೆ ತೊಡಗುವರು. ಆದರೆ ಗರ್ಭಗುಡಿಯ ಮಾಡಿನಿಂದ ಮೊದಲ ಹಂಚನ್ನು ಇಳಿಸುವುದಕ್ಕೆ ಮುನ್ನ ನಡೆಯಬೇಕಾದ ಕಾರ್ಯಗಳು ಹಲವಿವೆ. ದೈವಜ್ಞರ ಸಮ್ಮುಖದಲ್ಲಿ ಅಷ್ಟಮಂಗಲ ಪ್ರಶ್ನೆ ನಡೆಯುವುದು. ಕಂಡುಬಂದ ದೋಷಗಳಿಗೆ ಪ್ರಾಯಶ್ಚಿತ್ತವಾಗುವುದು. ಬಳಿಕ ಅನುಜ್ಞಾಕಲಶವೆಂಬ ವಿಧಿಯಿಂದ ಶ್ರೀ ದೇವರ ಅಪ್ಪಣೆಯನ್ನು ಬೇಡಿ, ಸಾನ್ನಿಧ್ಯವನ್ನು ಬಾಲಾಲಯಕ್ಕೆ ಬರಮಾಡಿಕೊಂಡ ಮೇಲೆಯೇ ಹಳೆಯ ಗುಡಿಯನ್ನು ಬಿಚ್ಚುವರು. ಕಟ್ಟುವುದು ದೇವರಿಗಾಗಿ, ವೆಚ್ಚಮಾಡುವುದು ಭಕ್ತರ ಕಾಣಿಕೆ. ಹಾಗಿದ್ದರೂ ಒಳಗೆ ವಾಸವಾಗಿರುವವನನ್ನು ಕೇಳದೆ ಅವನ ಮಾಡನ್ನು ಮುಟ್ಟಬಾರದೆಂಬುದು ಹಿರಿಯರು ಇಟ್ಟ ನಿಯಮ.

ದೇವರಿಗೆ ಮಾತ್ರವಲ್ಲ, ಮರಕ್ಕೂ ಈ ಮರ್ಯಾದೆ ಸಲ್ಲುವುದು. ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗಾಗಿ ಮರವನ್ನು ಕಡಿಯುವ ಕ್ರಮವನ್ನು ಹೇಳುವಾಗ, ಮೊದಲು ಆ ಮರವನ್ನು ಪೂಜಿಸಿ, ಅದನ್ನು ಆಶ್ರಯಿಸಿರುವ ಭೂತಗಳು ಬೇರೆಡೆಗೆ ವಾಸವನ್ನು ಬದಲಿಸಬೇಕೆಂದು ಪ್ರಾರ್ಥಿಸುವಂತೆ ವಿಧಿಸಿದ್ದಾನೆ. ಕಣ್ಣಿಗೆ ಕಾಣದ ಜೀವಗಳಿಗೂ ಮುಂಚಿತವಾಗಿ ತಿಳಿಸಬೇಕು ಎಂಬುದು ಇದರ ತಾತ್ಪರ್ಯ.

ಇದೇ ಭಕ್ತನು ದೇವಸ್ಥಾನದಿಂದ ಮನೆಗೆ ಮರಳಿ ತನ್ನ ಮನೆಯನ್ನು ದುರಸ್ತಿಮಾಡಲು ಹೊರಟಾಗ ಯಾರನ್ನು ಕೇಳುತ್ತಾನೆ? ಜೋಯಿಸರಲ್ಲಿ ಮುಹೂರ್ತವನ್ನು ಕೇಳುತ್ತಾನೆ. ಆಚಾರಿಯಲ್ಲಿ ಮರದ ಲೆಕ್ಕವನ್ನೂ ಮೇಸ್ತ್ರಿಯಲ್ಲಿ ಕಲ್ಲಿನ ಲೆಕ್ಕವನ್ನೂ ಕೇಳುತ್ತಾನೆ. ಪಂಚಾಯತಿನಲ್ಲಿ ಅನುಮತಿಯನ್ನೂ ಬ್ಯಾಂಕಿನಲ್ಲಿ ಸಾಲವನ್ನೂ ಕೇಳುತ್ತಾನೆ. ಕೇಳದೆ ಉಳಿಯುವವನು ಒಬ್ಬನೇ: ಪಕ್ಕದ ಮನೆಯವನು. ಅವನು ಸಿಡುಕಿನವನೂ ಜಗಳಗಂಟನೂ ಆಗಿದ್ದರಂತೂ ಕೇಳದಿರುವುದೇ ಜಾಣತನವೆಂದು ತೋರುವುದು. ತನ್ನ ಸ್ಥಳದಲ್ಲಿ ತನ್ನ ಹಣದಿಂದ ಕಟ್ಟುವವನಿಗೆ ನೆರೆಯವನ ಋಣವೆಷ್ಟು? ಆ ನೆರೆಯವನು ಒಳ್ಳೆಯವನಲ್ಲದಿದ್ದರೆ ಆ ಋಣವು ಕಡಿಮೆಯಾಗುವುದೇ? ಇದು ಸಣ್ಣ ಪ್ರಶ್ನೆಯಲ್ಲ.

ಕಾಸರಗೋಡು ಸೀಮೆಯ ಯಾವ ಗ್ರಾಮದಲ್ಲಿಯೂ ನಡೆಯಬಹುದಾದ ಒಂದು ಪ್ರಸಂಗವನ್ನು ಇಲ್ಲಿ ಉದಾಹರಿಸಬಹುದು. ಹಿಂದೆ ಒಂದೇ ಮನೆತನವಾಗಿದ್ದು ಪಾಲಾದ ಎರಡು ಮನೆಗಳು. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಒಂದು ಮನೆಯ ಯಜಮಾನನು ತನ್ನ ಮಗನ ಮದುವೆಗೆ ಮುಂಚೆ, ಅಡಿಕೆಯನ್ನೂ ಕೊಬ್ಬರಿಯನ್ನೂ ತುಂಬಿಡುತ್ತಿದ್ದ ಅಟ್ಟವನ್ನು ಎರಡು ಕೋಣೆಗಳನ್ನಾಗಿ ಮಾಡಿಸಲು ನಿಶ್ಚಯಿಸಿದನು. ಅಟ್ಟದಲ್ಲಿ ಮನುಷ್ಯರು ವಾಸಿಸಬೇಕಾದರೆ ತಲೆ ತಾಗದಷ್ಟು ಎತ್ತರ ಬೇಕು, ಗಾಳಿ ಬೆಳಕು ಬೇಕು, ಭದ್ರವಾದ ತೊಲೆ ಬೇಕು. ಅಡಿಕೆಯ ಚೀಲ ಇಟ್ಟಲ್ಲಿ ಇರುವುದು. ಮನುಷ್ಯನ ಭಾರವು ನಡೆದಾಡುವ ಭಾರ. ಯಜಮಾನನು ಇದನ್ನೆಲ್ಲ ವಿಚಾರಿಸಿ ಹಳೆಯ ತೊಲೆಗಳನ್ನು ಬದಲಾಯಿಸಲೂ, ಗೋಡೆಯನ್ನು ಮೂರು ಅಡಿ ಎತ್ತರಿಸಲೂ, ಮಾಡಿನ ಅಂಚನ್ನು ಒಂದು ಅಡಿ ಮುಂದಕ್ಕೆ ಚಾಚಲೂ, ನೆರೆಮನೆಯ ಕಡೆಗೆ ಒಂದು ಕಿಟಿಕಿಯನ್ನಿಡಲೂ ಯೋಜನೆ ಮಾಡಿದನು. ಪಂಚಾಯತಿನಿಂದ ಅನುಮತಿ ದೊರೆಯಿತು.

ನೆರೆಮನೆಯವನು ದಾಯಾದಿ, ವಯಸ್ಸಿನಲ್ಲಿ ಅಣ್ಣ. ಆತನ ದೂರುಗಳು ಊರಿಗೇ ಪರಿಚಿತವಾಗಿದ್ದವು. ಹಲಸಿನ ತರಗೆಲೆ ತನ್ನ ಅಂಗಳಕ್ಕೆ ಬಿತ್ತೆಂದು ಒಂದು ದೂರು, ಕೋಳಿ ಬಂದು ಬಸಳೆ ಕುಕ್ಕಿತೆಂದು ಇನ್ನೊಂದು. ಆದ್ದರಿಂದ ಯಜಮಾನನು ಆತನಿಗೆ ಏನನ್ನೂ ತಿಳಿಸದೆ ಕೆಲಸಕ್ಕೆ ಕೈಹಚ್ಚಿದನು. ಹಂಚು ಇಳಿಯಿತು, ಪಕ್ಕಾಸು, ರೀಪುಗಳು ಅಂಗಳದಲ್ಲಿ ರಾಶಿಬಿದ್ದವು. ಅಷ್ಟರಲ್ಲಿ ನೆರೆಯವನು ಮಾಡಿನ ಅಂಚು ತನ್ನ ಪಾಲಿನೊಳಕ್ಕೆ ಬಂದಿದೆಯೆಂದು ಅರ್ಜಿ ಕೊಟ್ಟನು. ಕೆಲಸ ನಿಂತಿತು. ಅಳತೆಯವರು ಬಂದು ಹಗ್ಗ ಹಿಡಿದು ನೋಡಿದಾಗ ಅಂಚು ಗಡಿಯಿಂದ ನಾಲ್ಕು ಬೆರಳು ಈಚೆಗೇ ಇತ್ತು. ಯಜಮಾನನ ಪಕ್ಷವು ಸರಿಯೆಂದಾಯಿತು. ಆದರೂ ನೆರೆಯವನ ಕೂಗು ನಿಲ್ಲಲಿಲ್ಲ. ಮತ್ತೊಂದು ಅರ್ಜಿ ಹೋಯಿತು. ಪತ್ತನಾಜೆ ಸಮೀಪಿಸಿತು. ಮೋಡ ಕವಿಯುತ್ತಿತ್ತು, ಮನೆಗೆ ಮಾಡಿರಲಿಲ್ಲ.

ಒಂದು ಸಂಜೆ ಯಜಮಾನನು ಜಗಲಿಯಲ್ಲಿ ಕುಳಿತು ಅನುಮತಿಪತ್ರವನ್ನು ತೋರಿಸುತ್ತ, ತನ್ನದೇನೂ ತಪ್ಪಿಲ್ಲವೆಂದು ತಾಯಿಯಲ್ಲಿ ಹೇಳಿಕೊಂಡನು. ವೃದ್ಧೆಯು ಕಾಗದವನ್ನು ನೋಡಲಿಲ್ಲ. “ಅನುಮತಿ ಕೊಟ್ಟವರು ಆ ಬಚ್ಚಲಿನಲ್ಲಿ ಮೀಯುವುದಿಲ್ಲ, ಮಗಾ” ಎಂದಷ್ಟೇ ಹೇಳಿದಳು.

ಆತನು ಏಣಿಯೇರಿ ಹೊಸ ಕಿಟಿಕಿಗೆಂದು ಬಿಟ್ಟಿದ್ದ ತೆರವಿನಲ್ಲಿ ನಿಂತು ನೋಡಿದನು. ಕೆಳಗೆ ನೆರೆಮನೆಯ ಹೊರಬಚ್ಚಲು. ನಾಲ್ಕು ಗೋಡೆಗಳಿದ್ದರೂ ಅದಕ್ಕೆ ಮಾಡಿರಲಿಲ್ಲ. ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ನೆರೆಯವನು ಒಂದು ಅಡಿ ಮಾಡಿನ ವಿಷಯದಲ್ಲಿ ಏಕೆ ಅಷ್ಟು ಕೂಗಾಡಿದನೆಂಬುದು ಆ ಕ್ಷಣದಲ್ಲಿ ಯಜಮಾನನಿಗೆ ತಿಳಿಯಿತು. ನೋವು ಇದ್ದುದು ಕಿಟಿಕಿಯಲ್ಲಿ. ಆದರೆ ತನ್ನ ಮಕ್ಕಳ ಬಚ್ಚಲಿನ ಮಾತನ್ನು ಯಾವ ತಂದೆ ನಾಲ್ಕು ಜನರ ಮುಂದೆ ಎತ್ತಿಯಾನು? ಹೇಳಬಹುದಾದುದು ಮಾಡಿನ ಅಂಚೊಂದೇ ಆದುದರಿಂದ ಆತನು ಅದನ್ನೇ ಹಿಡಿದನು.

ಇಲ್ಲಿ ವಿಚಾರವಂತರು ಗಮನಿಸಬೇಕಾದ ಒಂದು ಸತ್ಯವಿದೆ. ಜಗಳದಲ್ಲಿ ಬಾಯಿಗೆ ಬರುವ ಮಾತು ಒಂದು, ಎದೆಯಲ್ಲಿ ಇರುವ ಮಾತು ಇನ್ನೊಂದು. ಹತ್ತು ಸಲ ಹುರುಳಿಲ್ಲದ ದೂರು ಹೇಳಿದವನ ಹನ್ನೊಂದನೆಯ ದೂರು ನಿಜವಾಗಿರಬಹುದು. ಮನುಷ್ಯನ ಸ್ವಭಾವವು ಕೆಟ್ಟದೆಂಬ ಕಾರಣದಿಂದ ಅವನ ನೋವು ಸುಳ್ಳಾಗುವುದಿಲ್ಲ. ಸಾಲಕೊಟ್ಟವನು ಸಿಡುಕಿನವನೆಂದು ಸಾಲವನ್ನು ತೀರಿಸದಿರುವುದು ಹೇಗೆ ನ್ಯಾಯವಲ್ಲವೋ, ನೆರೆಯವನು ಕಠಿಣನೆಂದು ನೆರೆಕರೆಯ ಋಣವನ್ನು ಮರೆಯುವುದೂ ಹಾಗೆಯೇ ನ್ಯಾಯವಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆಂದು ತಿಳಿಯಬಾರದು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೂ ಮದ್ರಾಸು ಅಧಿಪತ್ಯಕ್ಕೂ ಸೇರಿದ್ದ ಕಾಲದಲ್ಲಿಯೇ, 1882ರಲ್ಲಿ, ಅನುಭೋಗದ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು. ತಡೆಯಿಲ್ಲದೆ ಇಪ್ಪತ್ತು ವರ್ಷ ಹಕ್ಕಿನಿಂದ ಅನುಭವಿಸಿದ ಬೆಳಕು, ಗಾಳಿ, ದಾರಿಗಳನ್ನು ಅದು ರಕ್ಷಿಸುವುದು. ಅದರ 18ನೆಯ ಕಲಮಿನ ಉದಾಹರಣೆಯೊಂದು ಇದೇ ಕಿಟಿಕಿಯ ಪ್ರಶ್ನೆಯನ್ನು ಕುರಿತದ್ದು: ನೆರೆಮನೆಯ ಮರೆಯ ಭಾಗ ಕಾಣುವಂತೆ ಹೊಸ ಕಿಟಿಕಿ ತೆರೆಯಬಾರದೆಂಬ ರೂಢಿ ಯಾವ ಊರಿನಲ್ಲಿದೆಯೋ, ಆ ಊರಿನಲ್ಲಿ ಆ ಮರೆಯು ಮನೆಯವನ ಹಕ್ಕಾಗುವುದು. ಕೇರಳದ 2019ರ ಪಂಚಾಯತ್ ಕಟ್ಟಡ ನಿಯಮಗಳೂ ಗಡಿಯಿಂದ ಬಿಡಬೇಕಾದ ಅಂತರವನ್ನು ಹೇಳುತ್ತವೆ. ಆದರೆ ಕಾನೂನು ಅಂತರವನ್ನು ಅಳೆಯಬಲ್ಲುದು. ಕಣ್ಣು ಎಲ್ಲಿಯವರೆಗೆ ಹೋಗುವುದೆಂಬುದನ್ನು ಅಳೆಯಲಾರದು.

ಪೂರ್ವಿಕರು ಇದನ್ನು ಇನ್ನೂ ನೇರವಾಗಿ ಕಂಡಿದ್ದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಗೃಹವಾಸ್ತುವಿನ ವ್ಯವಹಾರಗಳಿವೆ. ಎರಡು ಮನೆಗಳ ನಡುವೆ ಎಷ್ಟು ತೆರವಿರಬೇಕು, ಮಾಡುಗಳು ಎಷ್ಟು ದೂರದಲ್ಲಿರಬೇಕು, ಇನ್ನೊಬ್ಬರ ಮನೆಗೆದುರಾಗಿ ಬಾಗಿಲು ಕಿಟಿಕಿಗಳನ್ನು ತೆರೆದು ಬಾಧೆಪಡಿಸಿದವನಿಗೆ ಯಾವ ದಂಡ, ಇವೆಲ್ಲವೂ ಅಲ್ಲಿವೆ. ನೆರೆಯವರು ಪರಸ್ಪರ ಒಪ್ಪಿಕೊಂಡು ತಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದು, ಆದರೆ ಅನಿಷ್ಟವಾದುದನ್ನು ತಪ್ಪಿಸಬೇಕು ಎಂಬ ಅಭಿಪ್ರಾಯವೂ ಅಲ್ಲಿದೆ. ನಿಯಮಕ್ಕಿಂತ ಒಪ್ಪಂದವು ವಿಶಾಲವಾದುದೆಂದು ಅರ್ಥಶಾಸ್ತ್ರಕಾರನೇ ಒಪ್ಪಿಕೊಂಡನೆಂದಾಯಿತು.

ಇನ್ನು ನೀರಿನ ಲೆಕ್ಕ. ಒಂದು ಸೆಂಟ್ ಭೂಮಿಯೆಂದರೆ 435.6 ಚದರ ಅಡಿ. 40 ಅಡಿ ಉದ್ದದ ಮನೆಯ ಮಾಡು ಒಂದು ಅಡಿ ಮುಂದೆ ಬಂದರೆ 40 ಚದರ ಅಡಿ. ಸೆಂಟಿನ ಹತ್ತನೆಯ ಒಂದು ಪಾಲೂ ತುಂಬದು. ಇದಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರಿದ್ದಾರೆ. ಆದರೆ ಅದೇ ಮಾಡಿನ ಒಂದು ಇಳಿಜಾರು 12 ಅಡಿ ಅಗಲವಿದ್ದರೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ ಅದರಿಂದ ಇಳಿಯುವ ನೀರು 1,30,000 ಲೀಟರಿಗೂ ಮಿಕ್ಕುವುದು. ಹಿಂದೆ ಸ್ವಂತ ಅಂಗಳದಲ್ಲಿ ಬಿದ್ದು ಇಂಗುತ್ತಿದ್ದ ಆ ನೀರು ಈಗ ಹೆಚ್ಚಿನ ಎತ್ತರದಿಂದ ಗಡಿಯ ಅಂಚಿನಲ್ಲಿ ಧುಮುಕಿ ನೆರೆಯವನ ಗೋಡೆಯ ಬುಡವನ್ನು ತೋಯಿಸುವುದು. ನಾಲ್ಕು ಬೆರಳು ಈಚೆಗಿದ್ದ ಮಾಡು ನಿರ್ದೋಷಿಯಾಗಿರಬಹುದು. ಅದರ ನೀರು ಹಾಗಲ್ಲ. ನೆರೆಯವನು ಸುಳ್ಳು ಅಳತೆ ಹೇಳಿದ್ದರೂ ಆತನ ದೂರಿನಲ್ಲಿ ಸತ್ಯವಿತ್ತು.

ಹಾಗಾದರೆ ಮನೆ ಕಟ್ಟುವವನ ಋಣವೇನು? ಅದು ಮೂರು ಬಗೆಯದು. ಮೊದಲನೆಯದು ಮಾತಿನ ಋಣ: ಹಂಚು ಇಳಿಸುವ ಮುನ್ನ ಹೋಗಿ ಹೇಳುವುದು. ಎರಡನೆಯದು ನೀರಿನ ಋಣ: ತನ್ನ ಮಾಡಿನ ನೀರನ್ನು ತಾನೇ ಹೊರುವುದು. ಮೂರನೆಯದು ಕಣ್ಣಿನ ಋಣ: ತನಗೆ ಬೆಳಕು ಬೇಕಾದಲ್ಲಿ ಇನ್ನೊಬ್ಬರ ಮರೆಯನ್ನು ಕಳೆಯದಿರುವುದು. ಇವು ಮೂರನ್ನು ಸಲ್ಲಿಸಿದ ಮೇಲೆ ಅಟ್ಟವನ್ನು ಕೋಣೆಯಾಗಿ ಮಾಡುವ ಹಕ್ಕು ಆತನದೇ. ನೆರೆಯವನ ಅಸೂಯೆಗೆ ಹೆದರಿ ಮಗನ ಕೋಣೆಯನ್ನು ಬಿಟ್ಟುಬಿಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಒಬ್ಬನ ಏಳಿಗೆಯನ್ನು ಕಂಡು ಸಹಿಸದೆ ತಡೆಯೊಡ್ಡುವುದು ನೆರೆಯವನ ಕಡೆಯ ಅಧರ್ಮವೆಂಬುದೂ ಅಷ್ಟೇ ನಿಜ.

“ಮುಂಚಿತವಾಗಿ ಹೇಳಿದರೆ ಅವನು ತಡೆಯಾಜ್ಞೆ ತಂದಾನು” ಎಂಬ ಆಕ್ಷೇಪವುಂಟು. ಇದು ಹುರುಳಿಲ್ಲದ ಮಾತಲ್ಲ. ಕೆಲವರು ಹೇಳಿಸಿಕೊಂಡ ಮಾತನ್ನೇ ಆಯುಧವನ್ನಾಗಿ ಮಾಡುವರು. ಆದರೆ ದೀಪಾವಳಿ ಕಳೆದೊಡನೆ ಬಂದ ತಡೆಯನ್ನು ಮಳೆಗಾಲಕ್ಕೆ ಮುನ್ನ ಪರಿಹರಿಸಿಕೊಳ್ಳಲು ಕಾಲವಿರುವುದು. ಹಂಚು ಇಳಿದ ಮೇಲೆ ಬಂದ ತಡೆ ಮನೆಯನ್ನೇ ನೆನೆಸುವುದು. ಅಲ್ಲದೆ, ಹೇಳುವುದು ಬೇರೆ, ಅಪ್ಪಣೆ ಬೇಡುವುದು ಬೇರೆ. ದೇವರಲ್ಲಿ ಬೇಡುವುದು ಅನುಜ್ಞೆ. ನೆರೆಯವನಿಗೆ ಸಲ್ಲಬೇಕಾದುದು ತಿಳಿವಳಿಕೆ. ಆತನು ಒಪ್ಪದಿದ್ದರೂ ಹೇಳಿದವನ ಋಣ ತೀರಿತು. ಹೇಳದೆ ಕಟ್ಟಿದವನು ಗಡಿಯ ಈಚೆಗೇ ಇದ್ದರೂ ಕದ್ದು ಕಟ್ಟಿದವನಂತೆ ಕಾಣುವನು.

ಪ್ರಸಂಗದ ಯಜಮಾನನು ಮರುದಿನ ಮುಂಜಾನೆ ತಡಮೆ ದಾಟಿ ನೆರೆಮನೆಗೆ ಹೋದನು. ಬಚ್ಚಲಿನ ಮಾತನ್ನು ಎತ್ತಲಿಲ್ಲ. ಅದು ಆತನು ತೋರಿದ ದೊಡ್ಡ ಮರ್ಯಾದೆ. “ಅಣ್ಣಾ, ಈ ಬದಿಯ ಕಿಟಿಕಿಯನ್ನು ಮುಚ್ಚಿಸಿ ಅಂಗಳದ ಕಡೆಗೆ ಇಡಿಸುತ್ತೇನೆ. ಮಾಡಿನ ನೀರಿಗೆ ದಂಬೆ ಕಟ್ಟಿಸುತ್ತೇನೆ. ಮೊದಲೇ ಬಂದು ಹೇಳಬೇಕಿತ್ತು, ಹೇಳಲಿಲ್ಲ” ಎಂದನು. ಅಣ್ಣನು ಬಹಳ ಹೊತ್ತು ಸುಮ್ಮನಿದ್ದು, “ದಂಬೆಯ ಬಾಯಿ ನಿನ್ನ ಬದಿಗೇ ಇರಲಿ” ಎಂದನು. ಒಳಗಿನಿಂದ ಬೆಲ್ಲ ನೀರು ಬಂದಿತು. ಎರಡನೆಯ ಅರ್ಜಿಯನ್ನು ಆತನು ಹಿಂತೆಗೆದುಕೊಂಡನು. ಮಳೆ ಹಿಡಿಯುವುದಕ್ಕೆ ಮೂರು ದಿನ ಮುಂಚೆ ಮಾಡಿಗೆ ಹಂಚು ಏರಿತು.

ಅಣ್ಣನು ಅಂದಿನಿಂದ ಸಾಧುವಾದನೆಂದು ಹೇಳಿದರೆ ಕಥೆ ಸೊಗಸಾಗುತ್ತಿತ್ತು, ಆದರೆ ಹಾಗಾಗಲಿಲ್ಲ. ಮರುವರ್ಷ ಹಲಸಿನ ಎಲೆಯ ಜಗಳ ಮೊದಲಿನಂತೆಯೇ ನಡೆಯಿತು. ನೆರೆಯವನು ಬದಲಾಗುವನೆಂಬ ಆಸೆಯಿಂದ ಮಾಡಿದ ಒಳಿತು ವ್ಯಾಪಾರವಾಗುವುದು. ಋಣವನ್ನು ತೀರಿಸುವುದು ಸಾಲಕೊಟ್ಟವನ ಮುಖದಲ್ಲಿ ನಗೆಯನ್ನು ಕಾಣುವುದಕ್ಕಲ್ಲ, ತನ್ನ ಲೆಕ್ಕ ಚೊಕ್ಕವಾಗಲೆಂದು. ಆ ಮನೆಯ ಹೆಣ್ಣುಮಕ್ಕಳು ನಿರ್ಭಯವಾಗಿ ಮಿಂದು ಬಂದು ತುಳಸಿಗೆ ನೀರೆರೆಯುತ್ತಿದ್ದಾರೆ. ಈ ಮನೆಯ ಅಟ್ಟದಲ್ಲಿ ಹೊಸ ಸೊಸೆ ದೀಪ ಹಚ್ಚುತ್ತಿದ್ದಾಳೆ. ಇಷ್ಟೇ ಲಾಭ, ಇದು ಸಾಕು.

ಈ ಸೀಮೆಯ ಹಳೆಯ ಪಾಲುಪಟ್ಟಿಗಳು ಕನ್ನಡದಲ್ಲಿವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಸರಕಾರಿ ಕಾಗದಗಳು ಮಲಯಾಳದಲ್ಲಿಯೂ ಬರತೊಡಗಿದವು. ಎರಡು ಭಾಷೆಗಳಲ್ಲಿಯೂ ಗಡಿಯ ಉದ್ದಗಲಗಳು ಬರೆದಿವೆ. ಆದರೆ ತಡಮೆ ದಾಟಿ ಹೋಗಿ ಹೇಳಬೇಕಾದ ಮಾತು ಯಾವ ಪಟ್ಟಿಯಲ್ಲಿಯೂ ಬರೆದಿಲ್ಲ. ಅದನ್ನು ಮನೆಯ ಯಜಮಾನನೇ ನೆನಪಿಟ್ಟುಕೊಳ್ಳಬೇಕು.

ಬ್ರಹ್ಮಕಲಶದ ದಿನ ಅಭಿಷೇಕದ ತೀರ್ಥವು ಜಗಳವಾಡಿದ ಇಬ್ಬರ ಕೈಗೂ ಒಂದೇ ಸೌಟಿನಿಂದ ಬೀಳುವುದು. ತನ್ನ ಗುಡಿಯ ಮಾಡನ್ನು ಬಿಚ್ಚುವ ಮುನ್ನ ಭಕ್ತರು ಬಂದು ಕೇಳಲೆಂದು ಕಾದ ದೇವರು, ಭಕ್ತರು ತಮ್ಮ ಮಾಡನ್ನು ಬಿಚ್ಚುವ ಮುನ್ನ ನೆರೆಯ ಬಾಗಿಲಿಗೆ ಹೋಗುವಷ್ಟು ಸದ್ಬುದ್ಧಿಯನ್ನು ಎಲ್ಲರಿಗೂ ಅನುಗ್ರಹಿಸಲಿ.