ಹೆಗಲ ಮೇಲಿನ ಕೆಂಪು ಪಟ್ಟಿ

1942ರ ಮೊದಲ ತಿಂಗಳುಗಳಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವ ಕರಾವಳಿಯಲ್ಲಿ ಎಣ್ಣೆ ಹಡಗುಗಳನ್ನು ಒಂದರ ಹಿಂದೊಂದು ಮುಳುಗಿಸುತ್ತಿದ್ದವು. ಅಷ್ಟುದ್ದದ ಕಡಲನ್ನು ಕಾಯಲು ಸೇನೆಯ ಬಳಿ ಸಾಕಷ್ಟು ವಿಮಾನಗಳಿರಲಿಲ್ಲ. ಆಗ ಮುಂದೆ ಬಂದದ್ದು ಸಿವಿಲ್ ಏರ್ ಪೆಟ್ರೋಲ್. ಪರ್ಲ್ ಹಾರ್ಬರ್ ದಾಳಿಗೆ ಆರು ದಿನ ಮುಂಚೆ, 1941ರ ಡಿಸೆಂಬರ್ 1ರಂದು, ಹುಟ್ಟಿದ ನಾಗರಿಕ ಪೈಲಟ್‌ಗಳ ಸಂಘಟನೆ ಅದು. ಅವರು ತಮ್ಮ ಪುಟ್ಟ ಖಾಸಗಿ ವಿಮಾನಗಳಲ್ಲಿ ಕಡಲ ಮೇಲೆ ಹಾರಿದರು. ನೋಡುವುದು, ಕಂಡದ್ದನ್ನು ರೇಡಿಯೋದಲ್ಲಿ ತಿಳಿಸುವುದು, ಇಷ್ಟೇ ಕೆಲಸ. ಕೈಯಲ್ಲಿ ಆಯುಧವಿರಲಿಲ್ಲ.

ಸಂಸ್ಥೆಯವರು ಇವತ್ತಿಗೂ ಹೇಳಿಕೊಳ್ಳುವ ಒಂದು ಕಥೆಯಿದೆ. ಫ್ಲಾರಿಡಾ ತೀರದ ಮರಳುದಿಬ್ಬಕ್ಕೆ ಒಂದು ಜಲಾಂತರ್ಗಾಮಿ ಸಿಕ್ಕಿಕೊಂಡಿತಂತೆ. ಇವರ ವಿಮಾನ ಮೇಲೆ ಸುತ್ತುತ್ತಲೇ ಇತ್ತು. ಕರೆದ ನೆರವು ಬರುವಷ್ಟರಲ್ಲಿ ಅದು ಬಿಡಿಸಿಕೊಂಡು ಪಾರಾಯಿತು. ಕಥೆಯಲ್ಲಿ ಉಪ್ಪುಖಾರ ಎಷ್ಟಿದೆಯೋ. ಆದರೆ ಆಮೇಲೆ ಈ ವಿಮಾನಗಳ ಹೊಟ್ಟೆಯಡಿ ಬಾಂಬುಗಳು ನೇತಾಡಿದ್ದು ಮಾತ್ರ ದಿಟ. 1943ರ ಆಗಸ್ಟ್‌ನಲ್ಲಿ ಕರಾವಳಿ ಗಸ್ತು ಮುಗಿಯುವಷ್ಟರಲ್ಲಿ ಆ ಕೆಲಸದಲ್ಲೇ 26 ಮಂದಿ ಸತ್ತಿದ್ದರು. ಎರಡು ಜಲಾಂತರ್ಗಾಮಿಗಳನ್ನು ಮುಳುಗಿಸಿದೆವು ಎಂದು ಬಹುಕಾಲ ಹೇಳಿಕೊಂಡರು. ಜರ್ಮನ್ ದಾಖಲೆಗಳು ಅದನ್ನು ಒಪ್ಪುವುದಿಲ್ಲ.

ನನ್ನನ್ನು ಕಾಡುವುದು ಆ ಬಾಂಬು ಕಟ್ಟಿದ ಗಳಿಗೆ. ಅದೇ ಮನುಷ್ಯ, ಅದೇ ವಿಮಾನ. ನಿನ್ನೆಯವರೆಗೆ ಆತ ಕಾವಲುಗಾರ, ಇವತ್ತು ಕೊಲ್ಲಬಲ್ಲವನು. ಶತ್ರುವಿನ ಕೈಗೆ ಸಿಕ್ಕರೆ ಆತ ಯುದ್ಧಕೈದಿಯೋ, ಆಯುಧ ಹಿಡಿದ ನಾಗರಿಕನೋ? ಈ ತೊಡಕಿಗೆ ಆಗ ಸಿಕ್ಕ ಉತ್ತರಗಳಲ್ಲಿ ಒಂದು ಬಟ್ಟೆ. ಸೇನೆಯ ಉಡುಪನ್ನೇ ತೊಡಲು ಅನುಮತಿ ಸಿಕ್ಕಿತು, ಹೆಗಲ ಮೇಲೆ ಮಾತ್ರ ಕೆಂಪು ಪಟ್ಟಿ. ದೂರದಿಂದ ನೋಡಿದರೆ ಸೈನಿಕ, ಹತ್ತಿರ ಬಂದರೆ ಅಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಒಂದು ಹೆಜ್ಜೆ ಹಿಂದಿಟ್ಟು ಯೋಚಿಸಿದರು. 1946ರ ಕಾಯ್ದೆ ಸಿವಿಲ್ ಏರ್ ಪೆಟ್ರೋಲನ್ನು ಪರೋಪಕಾರದ ಸಂಸ್ಥೆಯಾಗಿ ನೋಂದಾಯಿಸಿತು. ಬಾಂಬಿನ ಬಾಬತ್ತು ಅಲ್ಲಿಗೆ ಮುಗಿಯಿತು. 1948ರಲ್ಲಿ ಇನ್ನೊಂದು ಕಾಯ್ದೆ ಇದನ್ನು ವಿಮಾನಪಡೆಯ ಅಧಿಕೃತ ಸಹಾಯಕ ದಳವಾಗಿಸಿತು. ಸಂಬಂಧ ಎಷ್ಟು ಬಿಗಿ ಇರಬೇಕು ಎಂಬ ಜಗ್ಗಾಟ ಮತ್ತೂ ಅರ್ಧ ಶತಮಾನ ನಡೆಯಿತು. 2000ದಲ್ಲಿ ಬಂದ ತಿದ್ದುಪಡಿ ನನಗೆ ಜಾಣತನದ್ದಾಗಿ ಕಾಣುತ್ತದೆ. ಕೇಂದ್ರ ಸರ್ಕಾರದ ಯಾವುದಾದರೂ ಇಲಾಖೆ ಇವರ ಸೇವೆ ಬಳಸಿಕೊಳ್ಳುವಾಗ ಮಾತ್ರ ಇವರು ವಿಮಾನಪಡೆಯ ಸಹಾಯಕರು. ಉಳಿದ ಹೊತ್ತು ಖಾಸಗಿ ಸೇವಾಸಂಸ್ಥೆ. ಕಾಣೆಯಾದ ವಿಮಾನ ಹುಡುಕಲು ವಿಮಾನಪಡೆ ಕಳಿಸಿದಾಗ ಸತ್ತರೆ, ಗಾಯಗೊಂಡರೆ ಸರ್ಕಾರಿ ನೌಕರರ ಲೆಕ್ಕದಲ್ಲೇ ಪರಿಹಾರ. ಜೊತೆಗೆ ಕಟ್ಟುಪಾಡೂ ಬರುತ್ತದೆ: ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸದಂತೆ ತಡೆಯುವ 1878ರ ಕಾನೂನಿನ ನೆರಳು ಇವರ ಮೇಲೂ ಬೀಳುತ್ತದೆ. ಮೇಲಿಂದ ಕಂಡದ್ದನ್ನು ತಿಳಿಸಬಹುದು, ಹಿಡಿಯಲು ಹೋಗುವಂತಿಲ್ಲ. ಕೆಲಸ ಮುಗಿದ ಕೂಡಲೇ ಎರಡೂ ಕಳಚಿಕೊಳ್ಳುತ್ತವೆ. ಹೋಗಿ ಬರಲು ಬಾಗಿಲಿರುವ ಸಂಬಂಧ ಇದು.

ವಿಚಿತ್ರವೆಂದರೆ, ಹತ್ತಿರವಾಗುವ ಹಂಬಲ ಅನೇಕ ಸಲ ಸೇನೆಯದ್ದಲ್ಲ, ಸ್ವಯಂಸೇವಕರದ್ದು. ಇವತ್ತೂ ಅಲ್ಲಿ ಎರಡು ಬಗೆಯ ಉಡುಪುಗಳಿವೆ. ವಿಮಾನಪಡೆಯ ಮಾದರಿಯದ್ದನ್ನು ತೊಡಲು ತೂಕ, ಕೂದಲಿನ ನಿಯಮಗಳಿಗೆ ಒಳಪಡಬೇಕು. ಹೊಟ್ಟೆ ಮುಂದೆ ಬಂದವರಿಗೂ ಗಡ್ಡ ಬಿಟ್ಟವರಿಗೂ ಬಿಳಿ ಅಂಗಿ, ಬೂದು ಪ್ಯಾಂಟು. ಇಬ್ಬರೂ ಕೂರುವುದು ಅದೇ ಸೆಸ್ನಾ ವಿಮಾನದಲ್ಲಿ, ಹುಡುಕುವುದು ಅದೇ ಕಾಡನ್ನು. ಆದರೂ ಯಾವ ಉಡುಪು ಮೇಲು ಎಂಬುದರ ಬಗ್ಗೆ ಸದಸ್ಯರಿಗೆ ಇರುವ ಆಸ್ಥೆ ಸಣ್ಣದಲ್ಲ. 2015ರಲ್ಲಿ ವಿಮಾನಪಡೆ ಇವರನ್ನು ತನ್ನ ಒಟ್ಟು ಬಲದ ಲೆಕ್ಕಕ್ಕೆ ಸೇರಿಸಿಕೊಂಡಿತು. ಅದು ಗೌರವವೇ. ಆದರೂ ಯಾರದೋ ಹಾಜರಿ ಪುಸ್ತಕದಲ್ಲಿ ಹೆಸರು ಬಂತೆಂದರೆ, ಬರದ ದಿನವೂ ಅಲ್ಲಿ ದಾಖಲಾಗುತ್ತದೆ. ಸೈನಿಕ ಆಜ್ಞೆ ಮೀರುವಂತಿಲ್ಲ, ಆತ ಸೇರಿದ್ದೇ ಆ ಕರಾರಿನ ಮೇಲೆ. ಸ್ವಯಂಸೇವಕ ತನ್ನ ಮನಸ್ಸಿನಿಂದ ಬಂದವನು. ಒಲ್ಲೆ ಎನ್ನುವ ಹಕ್ಕು ಹೋದ ದಿನ ಆತ ಸಂಬಳವಿಲ್ಲದ ಸಿಪಾಯಿ. ಎಷ್ಟು ಹತ್ತಿರ ಎಂದು ಅಳೆಯುವುದಾದರೆ ನಾನು ಉಡುಪನ್ನೂ ಪದವಿಯನ್ನೂ ಬಿಟ್ಟು ಈ ಹಕ್ಕನ್ನೇ ಹಿಡಿದು ಅಳೆಯುತ್ತೇನೆ.

ಹಾಗೆ ಅಳೆದರೆ ನಮ್ಮ ಗೃಹರಕ್ಷಕ ದಳ ಎಲ್ಲಿ ನಿಲ್ಲುತ್ತದೆ? 1946ರ ಡಿಸೆಂಬರ್‌ನಲ್ಲಿ, ಕೋಮುಗಲಭೆಯ ನಡುವೆ, ಬೊಂಬಾಯಿಯಲ್ಲಿ ಹುಟ್ಟಿದ ದಳ ಅದು. ಚೀನಾ ಯುದ್ಧದ ನಂತರ ದೇಶದ ತುಂಬ ಬೆಳೆಯಿತು. ನಮ್ಮ ರಾಜ್ಯದ ಕಾಯ್ದೆಯೂ 1962ರದ್ದೇ. ಇಲ್ಲಿ ನೆಂಟಸ್ತನ ಸೇನೆಗಿಂತ ಪೊಲೀಸರ ಜೊತೆ. ಮೂಲದ ಕಲ್ಪನೆ ಸರಳ: ತನ್ನ ಉದ್ಯೋಗ ತನಗಿರುವ ಮನುಷ್ಯ ಬಿಡುವಿನಲ್ಲಿ, ಆಪತ್ತಿನಲ್ಲಿ ಬಂದು ನಿಲ್ಲುವುದು. ಈಗ ಸರ್ಕಲ್‌ನಲ್ಲಿ ಬಿಸಿಲಿಗೆ ನಿಂತು ವಾಹನ ಬಿಡುವವನಿಗೆ, ಜಾತ್ರೆಯ ಬಂದೋಬಸ್ತಿಗೂ ಚುನಾವಣೆಗೂ ಹೋಗುವವನಿಗೆ, ಎಷ್ಟೋ ಸಲ ಅದೇ ಜೀವನೋಪಾಯ. 2015ರ ಮಾರ್ಚ್‌ನಲ್ಲಿ, ಹಿಮಾಚಲ ಪ್ರದೇಶದ ಗೃಹರಕ್ಷಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇವರನ್ನು ಕಾಯಂ ಮಾಡಲು ಬರುವುದಿಲ್ಲ ಎಂದಿತು. ಜೊತೆಗೇ, ತಿಂಗಳು ಪೂರ್ತಿ ದುಡಿದರೆ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗುವಷ್ಟು ದಿನಭತ್ಯೆ ಕೊಡಿ ಎಂದಿತು. ತೀರ್ಪಿನ ಎರಡು ಭಾಗಗಳ ನಡುವೆ ಇವರ ಇಡೀ ಪಾಡು ಇದೆ. ಸಿವಿಲ್ ಏರ್ ಪೆಟ್ರೋಲಿನ ಪೈಲಟ್ ಈ ವಾರ ಬರಲಾರೆ ಎಂದರೆ ಆತನ ಮನೆಯ ಒಲೆಗೆ ಏನೂ ಆಗದು. ಗೃಹರಕ್ಷಕ ನಾಳೆ ಬರಲಾರೆ ಎಂದರೆ ನಾಳೆಯ ಭತ್ಯೆ ಹೋಯಿತು. ಎರಡು ಸಲ ಹೇಳಿದರೆ ಮುಂದಿನ ಡ್ಯೂಟಿ ಪಟ್ಟಿಯಲ್ಲಿ ಹೆಸರಿರುತ್ತದೋ ಇಲ್ಲವೋ ಎಂಬ ಅಂಜಿಕೆ.