ವಿದ್ಯಾದಾನವೂ ವೇತನವೂ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನವು ಶ್ರಾವಕನ ಕರ್ತವ್ಯವೆಂಬುದು ಸರ್ವವಿದಿತವಾದ ವಿಷಯ. ಅನ್ನವಿತ್ತವನ ಕಣಜದಲ್ಲಿ ಅಷ್ಟು ಧಾನ್ಯ ಕಡಮೆಯಾಗುತ್ತದೆ. ಔಷಧವಿತ್ತವನ ಗಂಟಿನಿಂದ ಅಷ್ಟು ಹಣ ವೆಚ್ಚವಾಗುತ್ತದೆ. ವಿದ್ಯೆಯಾದರೋ ಕೊಟ್ಟಷ್ಟೂ ಕುಂದದ ವಸ್ತು. ಹಾಗಿರುವಲ್ಲಿ, ವಿದ್ಯೆ ಹೇಳಿಯೇ ವೇತನ ಪಡೆಯುವ ವಿಶ್ವವಿದ್ಯಾನಿಲಯದ ಅಧ್ಯಾಪಕರು ಸಂಜೆಯ ವೇಳೆ ತಮ್ಮ ಬಡಾವಣೆಯ ಮಕ್ಕಳಿಗೆ ಅದೇ ವಿದ್ಯೆಯನ್ನು ಉಚಿತವಾಗಿ ಕಲಿಸಿದರೆ, ಅವರು ತ್ಯಾಗ ಮಾಡಿದುದು ಯಾವುದನ್ನು? ಅದನ್ನು ದಾನವೆನ್ನಬೇಕೇ, ಉದ್ಯೋಗದ ಮುಂದುವರಿಕೆಯೆನ್ನಬೇಕೇ?

ವಿದ್ಯಾಲಯದ ಆವರಣವನ್ನು ದಾಟಿ ಜನರ ಬಳಿಗೆ ಹೋಗುವ ಸಂಪ್ರದಾಯ ಕನ್ನಡ ನಾಡಿಗೆ ಹೊಸದಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು 1930ರ ದಶಕದಲ್ಲಿ ಊರೂರಿಗೆ ತೆರಳಿ ಕನ್ನಡದಲ್ಲಿ ಉಪನ್ಯಾಸ ನೀಡಿದರು. ಅವು ಕಿರುಹೊತ್ತಗೆಗಳಾಗಿ ಸಾಮಾನ್ಯರ ಕೈಸೇರಿದವು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಹಳ್ಳಿಯಲ್ಲಿ ವಿದ್ಯಾರ್ಥಿಗಳೊಡನೆ ಬೀಡುಬಿಡುವ ಅಧ್ಯಾಪಕರನ್ನು ಅಂದಿನಿಂದ ನಾಡು ಕಂಡಿದೆ. ಬೋಧಕರು ಮಾತ್ರವಲ್ಲ, ಬಸದಿಯ ಗ್ರಂಥಭಂಡಾರವನ್ನು ಕ್ರಮಪಡಿಸಿಕೊಡುವ ಗ್ರಂಥಪಾಲಕರೂ, ಟ್ರಸ್ಟಿನ ಲೆಕ್ಕಪತ್ರ ತಿದ್ದಿಕೊಡುವ ಗುಮಾಸ್ತರೂ ಇದೇ ಸಾಲಿಗೆ ಸೇರತಕ್ಕವರು.

ಆದರೆ 2010ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕವನ್ನು ತಂದಾಗ ಸಮಾಜದೊಳಗಿನ ಸೇವಾಕಾರ್ಯಕ್ಕೂ ಅಂಕ ಸಲ್ಲುವಂತಾಯಿತು. 2018ರ ನಿಯಮಗಳು ಆ ಪದ್ಧತಿಯನ್ನು ಬದಲಿಸಿದವು. ಪದ್ಧತಿ ಯಾವುದಾದರೇನು, ಸೇವೆಯು ಕಡತಕ್ಕೆ ಸೇರುವ ವಸ್ತುವಾದಾಗ ಏಳುವ ಪ್ರಶ್ನೆ ಹಳೆಯದೇ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ಹೇಳಿದ್ದಾರೆ. ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನವೆಂಬುದು ಅದರ ತಾತ್ಪರ್ಯ. ಇಲ್ಲಿ ‘ತನ್ನದು’ ಎಂಬ ಮಾತು ಮುಖ್ಯ. ಅಧ್ಯಾಪಕರ ವಿದ್ಯೆ ಕುಂದದಿದ್ದರೂ ಅವರ ಹೊತ್ತು ಕುಂದುತ್ತದೆ. ಮನೆಮಂದಿಗೆ, ವಿಶ್ರಾಂತಿಗೆ, ಸ್ವಾಧ್ಯಾಯಕ್ಕೆ ಮೀಸಲಾದ ಗಳಿಗೆಯನ್ನು ಪರರಿಗಾಗಿ ಬಿಟ್ಟಾಗ ಅದು ನಿಜವಾದ ತ್ಯಾಗ. ವೇತನಕ್ಕೆ ಒಪ್ಪಿಸಿದ ಗಳಿಗೆಯಾದರೋ ಅವರದಲ್ಲ, ತರಗತಿಯಲ್ಲಿ ಕಾದು ಕುಳಿತ ವಿದ್ಯಾರ್ಥಿಗಳದು. ಪಾಠ ತಪ್ಪಿಸಿ ಸಮಾಜಸೇವೆಗೆ ಹೊರಟವರು ಪರರ ಸೊತ್ತನ್ನು ದಾನ ಮಾಡಿದಂತಾಯಿತು. ಅಚೌರ್ಯಾಣುವ್ರತಕ್ಕೆ ಇದು ಸಲ್ಲದು.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ‘ಅನುಗ್ರಹ’ವೆಂದರೆ ತನಗೂ ಪರರಿಗೂ ಆಗುವ ಉಪಕಾರವೆಂದು ವಿವರಿಸಿದ್ದಾರೆ. ದಾನಿಗೆ ಯಾವ ಲಾಭವೂ ಇರಬಾರದೆಂದು ಶಾಸ್ತ್ರ ಹೇಳುವುದಿಲ್ಲ. ದಾನಿಗೆ ಪುಣ್ಯಸಂಚಯ, ಪಡೆದವರಿಗೆ ಜ್ಞಾನಾದಿಗಳ ವೃದ್ಧಿ. ಆದರೆ ಫಲವನ್ನು ಮುಂದಾಗಿಯೇ ಗೊತ್ತುಮಾಡಿಕೊಂಡು ಮಾಡುವ ಆಚರಣೆಗೆ ‘ನಿದಾನ’ವೆಂದು ಹೆಸರು. ಮಾಯೆ, ಮಿಥ್ಯಾತ್ವಗಳ ಜೊತೆಗೆ ಅದೂ ಒಂದು ಶಲ್ಯ, ಒಳಗೆ ಮುರಿದು ಉಳಿದ ಮುಳ್ಳು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಬರಬೇಕಾದ ಬಾಕಿಯೆಂದು ಖಾತೆಯಲ್ಲಿ ಬರೆದಿಟ್ಟ ಮೊತ್ತವು ಸಾಲವೇ ಹೊರತು ದಾನವಲ್ಲ.

ಇದಕ್ಕೆ ಒಂದು ಆಕ್ಷೇಪ ಏಳಬಹುದು. ಅಂಕಕ್ಕಾಗಿ ಕಲಿಸಿದರೂ ಮಗುವಿಗೆ ಗಣಿತ ಬಂದಿತಲ್ಲವೇ? ಹಸಿದವನು ದಾನಿಯ ಭಾವವನ್ನು ಪರೀಕ್ಷಿಸಿ ಉಣ್ಣುವನೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅಂಕದ ಆಸೆಯಿಂದ ಬಂದವರನ್ನು ಹೀಯಾಳಿಸಬಾರದು. ಕಲಿಸುತ್ತ ಕಲಿಸುತ್ತ ಮಗುವಿನ ಮುಖ ಕಂಡು ಅವರ ಭಾವವೇ ಶುದ್ಧವಾಗಬಹುದು. ಆದರೆ ಅನ್ನ ಒಂದು ಹೊತ್ತಿನದು, ವಿದ್ಯೆ ವರ್ಷಗಳದು. ಬಡ್ತಿ ಬಂದ ತಿಂಗಳೇ ಸಂಜೆಯ ತರಗತಿ ನಿಂತುಹೋದರೆ, ಭಿನ್ನರಾಶಿಯವರೆಗೆ ಬಂದು ಬೀಜಗಣಿತದ ಹೊಸ್ತಿಲಲ್ಲಿ ನಿಂತ ಹುಡುಗಿಯ ಗತಿಯೇನು? ಅವಳಿಗೆ ಪಾಠವೂ ತಪ್ಪಿತು, ಹಿರಿಯರ ಮಾತಿನ ಮೇಲಿನ ನಂಬಿಕೆಯೂ ತಪ್ಪಿತು. ನಿದಾನದ ಮುಳ್ಳು ಹೀಗೆ ದಾನಿಯ ಆತ್ಮಕ್ಕೆ ಮಾತ್ರವಲ್ಲ, ಪಡೆದವರಿಗೂ ಚುಚ್ಚುತ್ತದೆ.

ಈ ದೋಷದಲ್ಲಿ ಬಸದಿಯ ಟ್ರಸ್ಟುಗಳಿಗೂ ಪಾಲುಂಟು. ಅಧ್ಯಾಪಕರನ್ನು ಕರೆದು ಶಾಲು ಹೊದಿಸಿ, ಭಾವಚಿತ್ರ ತೆಗೆಸಿ, ಮರುದಿನ ಮರೆತುಬಿಡುವ ಸತ್ಕಾರವು ನಿದಾನವನ್ನೇ ಬೆಳೆಸುತ್ತದೆ. ಅದರ ಬದಲು ಸಭಾಭವನದ ಬೀಗದ ಕೈ, ಬೆಳಕು, ಕರಿಹಲಗೆ ಇವುಗಳನ್ನು ಒದಗಿಸಿ, ವಾರಕ್ಕೆ ಎರಡೇ ಸಂಜೆಯಾದರೂ ಸರಿ, ವರ್ಷವಿಡೀ ತಪ್ಪದೆ ನಡೆಯುವಂತೆ ನೋಡಿಕೊಳ್ಳುವುದು ಲೇಸು. ಒಬ್ಬರು ಬಾರದ ದಿನ ಇನ್ನೊಬ್ಬರು ಬರುವ ಏರ್ಪಾಡಿರಬೇಕು. ಬಾಗಿಲಿಗೆ ಬಂದ ಮಗು ಯಾವ ಕುಲದ್ದೆಂದು ಕೇಳಕೂಡದು; ಪಾತ್ರದಾನಕ್ಕೆ ಪಾತ್ರವಿಚಾರವುಂಟು, ಕರುಣಾದಾನಕ್ಕೆ ಕಷ್ಟವೊಂದೇ ಅರ್ಹತೆ.

ಸೇವೆ ಕಡತದಲ್ಲಿ ದಾಖಲಾಗುವುದೇ ಪಾಪವೇನಲ್ಲ. ದಾಖಲೆಯ ಪುಟ ಮುಗಿದ ಮೇಲೂ ಸೇವೆ ಮುಂದುವರಿಯಿತೇ ಎಂಬುದೇ ಪರೀಕ್ಷೆ. ಯಾವ ಅಧ್ಯಾಪಕರು ಬಡ್ತಿಯ ಮರುದಿನವೂ ಅದೇ ಹೊತ್ತಿಗೆ ಬಂದು ಅದೇ ಕರಿಹಲಗೆಯ ಮುಂದೆ ನಿಲ್ಲುವರೋ, ಅವರ ವಿದ್ಯೆಯೇ ಶಾಸ್ತ್ರದಾನವೆಂಬ ಹೆಸರಿಗೆ ತಕ್ಕುದು.