ಗಾಯ ಮಾಯುವ ಮುನ್ನ ಬಂದ ಇನ್ನೊಂದು ಸುದ್ದಿ



ಶಸ್ತ್ರಚಿಕಿತ್ಸೆಯೆಂದರೆ ನಮ್ಮಲ್ಲಿ ಯಾರಿಗೆ ಭಯವಿಲ್ಲ? ಕಮ್ಮರಡಿಯಂಥ ಊರಿನಲ್ಲಿ ಆ ಭಯಕ್ಕೆ ದಾರಿಯ ದೂರವೂ ಸೇರಿಕೊಳ್ಳುತ್ತದೆ. ಕೊಪ್ಪದಲ್ಲಿ ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು, ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಮಣಿಪಾಲಕ್ಕೋ ಮಂಗಳೂರಿಗೋ, ಇಲ್ಲವೇ ಶಿವಮೊಗ್ಗಕ್ಕೋ ಹೋಗಬೇಕು. ತೋಟದ ಕಡೆ ಒಂದು ಕಣ್ಣಿಡಿ ಎಂದು ನೆರೆಯವರಿಗೆ ಹೇಳಬೇಕು. ಹಸುವಿಗೆ ಹುಲ್ಲು ಹಾಕಲು ಒಬ್ಬರನ್ನು ಗೊತ್ತುಮಾಡಬೇಕು. ಹಣ ಹೊಂದಿಸಬೇಕು. ಇಷ್ಟೆಲ್ಲ ಆಗಿ, ಆಪರೇಷನ್ ಮುಗಿದು, "ಎಲ್ಲ ಸರಿಯಾಗಿ ಆಗಿದೆ" ಎಂದು ಡಾಕ್ಟರು ಹೇಳಿದಾಗ ಮನೆಮಂದಿಗೆ ಹೋದ ಜೀವ ಬಂದಂತಾಗುತ್ತದೆ. ಊರಿಗೆ ಬಂದ ಕೂಡಲೇ ಕೃತಜ್ಞತೆಯ ಬಲಿಪೂಜೆಗೆ ಹೆಸರು ಕೊಡುತ್ತೇವೆ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎನ್ನುತ್ತೇವೆ.

ಆದರೆ ಕರಗಿದ ಮಂಜು ಮತ್ತೆ ಕವಿಯುವುದುಂಟೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಬ್ಬ ತಾಯಿಯನ್ನು ಮನಸ್ಸಿಗೆ ತಂದುಕೊಳ್ಳಿ. ಗರ್ಭಕೋಶದ ಗಡ್ಡೆಗೆಂದು ಅವರಿಗೆ ಆಪರೇಷನ್ ಆಗಿದೆ. ಹತ್ತು ದಿನ ಕಳೆದು ಹೊಲಿಗೆ ಬಿಚ್ಚಿಸಲು ಹೋಗಿದ್ದಾರೆ. ಡಾಕ್ಟರು ಒಂದು ಕಾಗದವನ್ನು ಮುಂದಿಟ್ಟುಕೊಂಡು, "ನಿಮ್ಮ ಜೊತೆ ಯಾರಾದರೂ ಬಂದಿದ್ದಾರೆಯೇ?" ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲೇ ಅರ್ಧ ಸುದ್ದಿ ಇದೆ. ಬಯಾಪ್ಸಿಯ ವರದಿ ಬಂದಿದೆ, ಗಡ್ಡೆಯ ಆಚೆ ಬೇರೇನೋ ಕಂಡಿದೆ.

ವರದಿ ತಡವಾಗಿ ಬರುವುದಕ್ಕೆ ಕಾರಣವಿದೆ. ಹೊರತೆಗೆದ ಅಂಗವನ್ನು ಕೆಡದಂತೆ ಫಾರ್ಮಲಿನ್ ದ್ರವದಲ್ಲಿಡುತ್ತಾರೆ. ಅದರ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಹಲವು ದಿನ ಬೇಕು. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ, ಗಡ್ಡೆಗೆಂದು ತೆಗೆದ ಗರ್ಭಕೋಶದಲ್ಲಿ ಕ್ಯಾನ್ಸರ್ ಅಡಗಿದ್ದದ್ದು ಹೀಗೆ ಆಮೇಲೆ ಬೆಳಕಿಗೆ ಬರುವುದುಂಟು. ಇದು ಅಪರೂಪ. ಆದರೆ ಯಾರ ಮನೆಗೆ ಬರುತ್ತದೋ ಆ ಮನೆಯವರಿಗೆ ಅಪರೂಪ ಎಂಬ ಮಾತಿನಿಂದ ಏನು ಸಮಾಧಾನ?

ಎರಡನೆಯ ದೂತ

ಯೋಬನ ಗ್ರಂಥದ ಮೊದಲ ಅಧ್ಯಾಯವನ್ನು ಒಮ್ಮೆ ಓದಿ ನೋಡಿ. ಎತ್ತುಗಳು ಹೋದವು ಎಂಬ ಸುದ್ದಿ ತಂದವನು ಮಾತು ಮುಗಿಸುವ ಮೊದಲೇ ಎರಡನೆಯವನು ಬರುತ್ತಾನೆ. ಅವನು ಹೇಳುತ್ತಿರುವಾಗಲೇ ಮೂರನೆಯವನು, ಅವನ ಹಿಂದೆಯೇ ನಾಲ್ಕನೆಯವನು. ಮೊದಲಿನ ನಷ್ಟಕ್ಕೆ ಅಳಲೂ ಯೋಬನಿಗೆ ಸಮಯ ಸಿಗಲಿಲ್ಲ. ಎರಡನೆಯ ಸುದ್ದಿಯ ಕ್ರೌರ್ಯ ಇರುವುದೇ ಇಲ್ಲಿ. ದೇಹದಲ್ಲಿ ರಕ್ತವಿಲ್ಲ, ರಾತ್ರಿ ನಿದ್ದೆಯಿಲ್ಲ, ಕೆಮ್ಮಿದರೆ ಹೊಟ್ಟೆ ಹಿಡಿದುಕೊಳ್ಳಬೇಕು. ಎದುರಿಸುವ ಶಕ್ತಿ ತೀರಾ ಕಡಿಮೆಯಾಗಿರುವ ಹೊತ್ತಿಗೆ ಸರಿಯಾಗಿ ಹೊಸ ಹೊರೆ ಬಂದು ಬೀಳುತ್ತದೆ. ಗಾಯದ ಮೇಲೆ ಬರೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಗ ವಿಶ್ವಾಸಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು: "ಹಾಗಾದರೆ ನಾನು ಪೂಜೆ ಮಾಡಿಸಿ ದೇವರಿಗೆ ವಂದನೆ ಸಲ್ಲಿಸಿದ್ದು ಏತಕ್ಕೆ? ನನ್ನ ಕೃತಜ್ಞತೆ ತೆಗೆದುಕೊಂಡು ದೇವರು ನನಗೆ ಮೋಸ ಮಾಡಿದರೇ?" ಈ ಪ್ರಶ್ನೆ ಪಾಪವಲ್ಲ. ಕೀರ್ತನೆಗಳ ಗ್ರಂಥದಲ್ಲಿ 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯ ಸಾಲಿನವರೆಗೂ ಅಲ್ಲಿ ಬೆಳಕಿಲ್ಲ. ಆದರೂ ಧರ್ಮಸಭೆ ಅದನ್ನು ಪ್ರಾರ್ಥನೆಯೆಂದೇ ಉಳಿಸಿಕೊಂಡಿದೆ. ದೂರನ್ನು ದೇವರಿಗೇ ಹೇಳುವವನು ದೇವರನ್ನು ಬಿಟ್ಟುಹೋದವನಲ್ಲ.

ಆದರೂ ಪ್ರಶ್ನೆಗೆ ಉತ್ತರ ಬೇಕಲ್ಲವೇ? ಸಂತ ಲೂಕರ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದುತ್ತಾರೆ. ವಂದಿಸಲು ಹಿಂದಿರುಗಿದವನು ಒಬ್ಬನೇ. ಯೇಸುಸ್ವಾಮಿ ಅವನ ಕೃತಜ್ಞತೆಯನ್ನು ಮೆಚ್ಚಿದರು. ಆ ಸಮಾರ್ಯದವನು ಆಮೇಲೆ ಎಂದೂ ಕಾಯಿಲೆ ಬೀಳಲಿಲ್ಲವೇ? ಅವನಿಗೂ ಮುಪ್ಪು ಬಂದಿತು, ಅವನೂ ಒಂದು ದಿನ ಸತ್ತನು. ಸಮಾಧಿಯಿಂದ ಎದ್ದುಬಂದ ಲಾಜರನೂ ಮತ್ತೆ ಸತ್ತನು. ಹಾಗೆಂದು ಅವರ ವಂದನೆ ವ್ಯರ್ಥವಾಯಿತೇ? ಇಲ್ಲ. ಆ ದಿನ ದೇವರು ಕೊಟ್ಟದ್ದು ನಿಜ, ಆ ದಿನ ಅವರು ವಂದಿಸಿದ್ದೂ ನಿಜ. ಮುಂದೆ ಬಂದ ದಿನ ಹಿಂದಿನ ದಿನದ ಕೃಪೆಯನ್ನು ಅಳಿಸಲಾರದು. ಕಳೆದ ವಾರ ನೀವು ಮಾಡಿಸಿದ ಕೃತಜ್ಞತೆಯ ಪೂಜೆಯೂ ಹಾಗೆಯೇ. ಅದನ್ನು ವಾಪಸು ಪಡೆಯಬೇಕಾಗಿಲ್ಲ.

ಕೆಲವರು ಇನ್ನೊಂದು ಮಾತು ಆಡುತ್ತಾರೆ: "ಯಾವ ಪಾಪಕ್ಕೆ ಈ ಶಿಕ್ಷೆಯೋ!" ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಹೀಗೆಯೇ ಕೇಳಿದರು. ಅವನ ಪಾಪವೂ ಕಾರಣವಲ್ಲ, ತಂದೆತಾಯಿಗಳ ಪಾಪವೂ ಕಾರಣವಲ್ಲ ಎಂದು ಯೇಸು ಸ್ಪಷ್ಟವಾಗಿ ಹೇಳಿದರು. ಹಾಸಿಗೆ ಹಿಡಿದವರ ಬಳಿ ಪಾಪದ ಲೆಕ್ಕ ತೆಗೆಯಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ.

ಹದಿನೇಳು ದಿನಗಳ ನಂತರ

ಈ ಅನುಭವ ಜಗದ್ಗುರುಗಳಿಗೂ ತಪ್ಪಲಿಲ್ಲ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಎರಡನೆಯ ಜಾನ್ ಪಾಲರಿಗೆ ಗುಂಡೇಟು ಬಿದ್ದದ್ದು ನಮಗೆಲ್ಲ ಗೊತ್ತು. ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಐದು ಗಂಟೆಗೂ ಮಿಕ್ಕಿ ಶಸ್ತ್ರಚಿಕಿತ್ಸೆ ನಡೆಯಿತು. ಜೂನ್ 3ರಂದು ಅವರು ಮನೆಗೆ ಮರಳಿದರು. ಲೋಕವೆಲ್ಲ ದೇವರಿಗೆ ವಂದಿಸಿತು. ಅನೇಕರು ಮರೆತಿರುವುದು ಮುಂದಿನ ಸಂಗತಿ. ಅವರಿಗೆ ಜ್ವರ ಬಂತು, ಮೈ ಸೋತಿತು. 17 ದಿನಗಳಾಗುವಷ್ಟರಲ್ಲಿ, ಜೂನ್ 20ರಂದು, ಮತ್ತೆ ಅದೇ ಆಸ್ಪತ್ರೆಗೆ ಸೇರಬೇಕಾಯಿತು. ಪರೀಕ್ಷೆ ಮಾಡಿದಾಗ ತಿಳಿದದ್ದು ಯಾರೂ ನಿರೀಕ್ಷಿಸದ ಕಾಯಿಲೆ, ಸೈಟೊಮೆಗಾಲೊ ಎಂಬ ವೈರಸ್ಸಿನ ಸೋಂಕು. ಜೀವ ಉಳಿಸಲು ಕೊಟ್ಟ ರಕ್ತದ ಮೂಲಕವೇ ಅದು ಬಂದಿರಬೇಕೆಂದು ವೈದ್ಯರು ಭಾವಿಸಿದರು. ಅದು ಇಳಿದ ಮೇಲೆ ಆಗಸ್ಟ್ 5ರಂದು ಇನ್ನೊಂದು ಶಸ್ತ್ರಚಿಕಿತ್ಸೆ. ಕೊನೆಗೆ ಮನೆಗೆ ಬಂದದ್ದು ಆಗಸ್ಟ್ 14ರಂದು, ದೇವಮಾತೆಯ ಸ್ವರ್ಗಾರೋಹಣದ ಹಬ್ಬದ ಮುನ್ನಾದಿನ.

ನರಳಾಟಕ್ಕೆ ಕ್ರೈಸ್ತ ಅರ್ಥವೇನೆಂದು ಅವರು 'ಸಾಲ್ವಿಫಿಚಿ ದೊಲೊರಿಸ್' ಎಂಬ ಪ್ರೇಷಿತ ಪತ್ರ ಬರೆದರು. ಅದರ ದಿನಾಂಕ ನೋಡಿ: 1984ರ ಫೆಬ್ರವರಿ 11. ಗುಂಡೇಟು ಬಿದ್ದು ಎರಡು ವರ್ಷ ಒಂಬತ್ತು ತಿಂಗಳು ಕಳೆದಿದ್ದವು. ಆಮೇಲೆ, 1986ರ ಫೆಬ್ರವರಿ 6ರಂದು ಮಂಗಳೂರಿಗೆ ಬಂದು ನಮ್ಮ ಜನರನ್ನು ಆಶೀರ್ವದಿಸಿದವರು ಇದೇ ಜಗದ್ಗುರುಗಳು. ರೋಗಿಗಳ ವಿಶ್ವ ದಿನವನ್ನು 1992ರಲ್ಲಿ ಸ್ಥಾಪಿಸಿದವರೂ ಅವರೇ. ಇದರಲ್ಲಿ ನಮಗೊಂದು ಪಾಠವಿದೆ. ಕಷ್ಟದ ಅರ್ಥ ಅದೇ ದಿನ ಹೊಳೆಯಬೇಕಾಗಿಲ್ಲ. ವರದಿ ಕೈಗೆ ಬಂದ ಸಂಜೆಯೇ "ಎಲ್ಲ ದೇವರ ಚಿತ್ತ, ಸಂತೋಷದಿಂದ ಒಪ್ಪಿಕೋ" ಎಂದು ರೋಗಿಗೆ ಉಪದೇಶಿಸಬೇಡಿ. ಜ್ವರದ ದಿನಗಳಲ್ಲಿ ಜ್ವರ ಇಳಿದರೆ ಸಾಕು. ಅರ್ಥ ನಿಧಾನವಾಗಿ ಬರುತ್ತದೆ.

ಈಗ ಏನು ಮಾಡಬೇಕು?

ಮೊದಲನೆಯದು, ದೇಹವನ್ನು ತಾತ್ಸಾರ ಮಾಡಬೇಡಿ. ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ ಥಿಯೋಲಾಜಿಕಾ' ಎಂಬ ಮಹಾಗ್ರಂಥದಲ್ಲಿ ದುಃಖಕ್ಕೆ ಮದ್ದು ಏನೆಂದು ಚರ್ಚಿಸುತ್ತಾರೆ. ಮನಸ್ಸಿಗೆ ಹಿತವಾದ ಒಂದು ಸಂತೋಷ, ಕಣ್ಣೀರು, ಗೆಳೆಯರ ಮರುಕ, ಸತ್ಯದ ಧ್ಯಾನ ಎಂದು ಹೇಳಿ, ಕೊನೆಗೆ ನಿದ್ದೆಯನ್ನೂ ಸ್ನಾನವನ್ನೂ ಸೇರಿಸುತ್ತಾರೆ! ಅಷ್ಟು ದೊಡ್ಡ ದೈವಶಾಸ್ತ್ರಜ್ಞರು ಹಂಡೆಯ ಬಿಸಿನೀರನ್ನೂ ಮರೆಯಲಿಲ್ಲ. ಡಾಕ್ಟರು ಒಪ್ಪಿದ ಮೇಲೆ ಸ್ನಾನ ಮಾಡಿ. ಗಂಜಿಯಾದರೂ ಸರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಳು ಬಂದರೆ ಅತ್ತುಬಿಡಿ. ಗೆತ್ಸೆಮನೆಯಲ್ಲಿ ಪ್ರಭುವೂ ನೊಂದು ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದರು.

ಎರಡನೆಯದು, ಕಾಯಿಲೆಯ ಹೆಸರನ್ನೇ ತೀರ್ಪೆಂದು ಭಾವಿಸಬೇಡಿ. ಕ್ಯಾನ್ಸರ್ ಎಂಬ ಒಂದೇ ಹೆಸರಿನ ಕೆಳಗೆ ನೂರಕ್ಕೂ ಹೆಚ್ಚು ಬಗೆಗಳಿವೆ. ಯಾವ ಬಗೆ, ಯಾವ ಹಂತ, ಮುಂದಿನ ಚಿಕಿತ್ಸೆ ಏನು, ಗಾಯ ಮಾಯಲು ಎಷ್ಟು ದಿನ ಕಾಯಬೇಕು ಎಂಬ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಡಾಕ್ಟರನ್ನೇ ಕೇಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಏಕೆಂದರೆ ಗಾಬರಿಯಲ್ಲಿ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ. ಯಾರೋ ಹೇಳಿದರೆಂದು ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ. ಹಣದ ಚಿಂತೆ ಇರುವವರು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ. 2018ರಲ್ಲಿ ಆರಂಭವಾದ ಆ ಯೋಜನೆ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆಂದು ರೂಪಿಸಿದ್ದು. ಸಹಾಯ ಕೇಳುವುದು ನಾಚಿಕೆಯ ಕೆಲಸವಲ್ಲ.

ಮೂರನೆಯದು ಮನೆಯವರಿಗೆ. "ಅಮ್ಮನಿಗೆ ಮಾತ್ರ ಹೇಳಬೇಡಿ ಫಾದರ್" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಮಗಳ ಕೆಂಪಾದ ಕಣ್ಣು, ಅಡುಗೆಮನೆಯ ಪಿಸುಮಾತು ಎಲ್ಲವನ್ನೂ ಅವರು ಹಾಸಿಗೆಯಿಂದಲೇ ಓದುತ್ತಾರೆ. ಆಮೇಲೆ ಮಕ್ಕಳು ನೊಂದಾರೆಂದು ಅವರೂ ಗೊತ್ತಿಲ್ಲದಂತೆ ನಟಿಸುತ್ತಾರೆ. ಒಂದೇ ಮನೆಯಲ್ಲಿ ಎಲ್ಲರೂ ಒಂಟಿಯಾಗುತ್ತಾರೆ. ಅವರು ಕೇಳಿದಷ್ಟನ್ನು, ತಾಳುವಷ್ಟನ್ನು, ಮೆಲ್ಲನೆ, ಸುಳ್ಳಿಲ್ಲದೆ ಹೇಳಿ. ನೋಡಲು ಬರುವವರು ಯೋಬನ ಗೆಳೆಯರನ್ನು ನೆನೆಯಲಿ. ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ನೆಲದ ಮೇಲೆ ಕುಳಿತರಲ್ಲ, ಅದೇ ಅವರು ಮಾಡಿದ ಅತ್ಯುತ್ತಮ ಕೆಲಸ. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು. "ಇದೇ ಕಾಯಿಲೆಗೆ ನಮ್ಮ ಚಿಕ್ಕಪ್ಪ ಮೂರೇ ತಿಂಗಳಲ್ಲಿ..." ಎಂಬ ಕಥೆ ಹೇಳುವುದಕ್ಕಿಂತ ಒಂದು ಹೊರೆ ಹುಲ್ಲು ತಂದು ಕೊಟ್ಟಿಗೆಗೆ ಹಾಕಿ ಹೋಗುವುದು ದೊಡ್ಡ ಪ್ರಾರ್ಥನೆ.

ನಾಲ್ಕನೆಯದು, ಗುರುಗಳನ್ನು ಕರೆಯಲು ಹೆದರಬೇಡಿ. "ಫಾದರ್ ಎಣ್ಣೆ ಹಚ್ಚಲು ಬಂದರೆಂದರೆ ಮುಗಿಯಿತು" ಎಂಬ ಭಾವನೆ ನಮ್ಮ ಹಿರಿಯರಲ್ಲಿ ಇಂದಿಗೂ ಇದೆ. ಹಿಂದೆ ಇದನ್ನು ಅಂತಿಮ ಅಭ್ಯಂಗ ಎನ್ನುತ್ತಿದ್ದದ್ದೇ ಅದಕ್ಕೆ ಕಾರಣ. ರೋಗಿಗಳ ಅಭ್ಯಂಗ ಎಂಬುದೇ ಹೆಚ್ಚು ಸೂಕ್ತವಾದ ಹೆಸರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿತು. 1972ರಲ್ಲಿ ಜಗದ್ಗುರು ಆರನೆಯ ಪಾಲ್ ಅದರ ವಿಧಿಯನ್ನು ನವೀಕರಿಸಿದರು. ಇದು ಸಾಯುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ. ಗಂಭೀರ ಶಸ್ತ್ರಚಿಕಿತ್ಸೆಗೆ ಮೊದಲು ಇದನ್ನು ಪಡೆಯಬಹುದು. ಗುಣವಾಗಿ ಮತ್ತೊಂದು ಗಂಭೀರ ಕಾಯಿಲೆ ಬಂದರೆ, ಅಥವಾ ಇದ್ದ ಕಾಯಿಲೆಯೇ ಉಲ್ಬಣಿಸಿದರೆ, ಮತ್ತೊಮ್ಮೆ ಪಡೆಯಬಹುದು. "ಆಪರೇಷನ್ನಿಗೆ ಮೊದಲೇ ಆಗಿದೆಯಲ್ಲ" ಎಂದು ಸುಮ್ಮನಿರಬೇಡಿ. ಎರಡನೆಯ ಸುದ್ದಿ ಬರಬಹುದೆಂದು ತಿಳಿದೇ ಧರ್ಮಸಭೆ ಎರಡನೆಯ ಅಭ್ಯಂಗಕ್ಕೂ ಬಾಗಿಲು ತೆರೆದಿಟ್ಟಿದೆ. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು ಆಶೀರ್ವದಿಸಿದ ಆ ತೈಲವನ್ನು ಹಣೆಗೆ, ಅಂಗೈಗಳಿಗೆ ಹಚ್ಚುವಾಗ ಇಡೀ ಧರ್ಮಸಭೆ ರೋಗಿಯ ಹಾಸಿಗೆಯ ಬಳಿ ನಿಂತಿರುತ್ತದೆ.

ಬೆತ್ಸಾಯಿದದ ಕುರುಡನನ್ನು ಪ್ರಭು ಒಂದೇ ಸಲಕ್ಕೆ ಗುಣಪಡಿಸಲಿಲ್ಲ. ಮೊದಲ ಸಲ ಕೈಯಿಟ್ಟಾಗ ಅವನಿಗೆ ಮನುಷ್ಯರು ನಡೆದಾಡುವ ಮರಗಳಂತೆ ಕಂಡರು. ಪ್ರಭು ಬೇಸರಪಡಲಿಲ್ಲ, ಅವನನ್ನು ಬಿಟ್ಟು ಹೋಗಲೂ ಇಲ್ಲ. ಮತ್ತೊಮ್ಮೆ ಕೈಯಿಟ್ಟರು. ನಿಮ್ಮ ದೇಹದ ಕಾಯಿಲೆ ಪೂರ್ತಿ ವಾಸಿಯಾಗುತ್ತದೆಂದು ನಾನು ಮಾತು ಕೊಡಲಾರೆ. ಅಂಥ ಮಾತು ಕೊಡುವವರನ್ನು ನಂಬಲೂ ಬೇಡಿ. ಆದರೆ ಒಮ್ಮೆ ನಿಮ್ಮ ಮೇಲೆ ಕೈಯಿಟ್ಟ ಪ್ರಭು, ಕಾಯಿಲೆ ಎರಡನೆಯದಾಯಿತೆಂದು ಕೈ ಹಿಂದೆಗೆಯುವುದಿಲ್ಲ. ಇದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಇಂದು ರಾತ್ರಿ ಮನೆಯಲ್ಲಿ ಜಪಮಾಲೆ ಮುಗಿದ ಮೇಲೆ, ಕೊಂಕಣಿಯಲ್ಲೋ ಮಲಯಾಳದಲ್ಲೋ ಕನ್ನಡದಲ್ಲೋ, ನಿಮಗೆ ಅಳು ಬರುವ ಭಾಷೆಯಲ್ಲಿ, ಹೀಗೆ ಪ್ರಾರ್ಥಿಸಿ:

ಪ್ರಭುವೇ, ಮೊದಲಿನ ಗಾಯ ಇನ್ನೂ ಹಸಿಯಾಗಿದೆ. ಅಷ್ಟರಲ್ಲೇ ಇನ್ನೊಂದು ಸುದ್ದಿ ಬಂದಿದೆ. ಇಡೀ ದಾರಿಯನ್ನು ಇಂದೇ ತೋರಿಸೆಂದು ನಾವು ಕೇಳುವುದಿಲ್ಲ. ನಾಳೆಯ ಬೆಳಗಿನವರೆಗೆ ಬೇಕಾಗುವಷ್ಟು ಧೈರ್ಯ ಕೊಡು. ನಮ್ಮ ವೈದ್ಯರ ಕೈಗಳನ್ನು ನಡೆಸು. ನಮ್ಮವರ ಬಾಯಿಗೆ ಸತ್ಯವನ್ನೂ ಮೃದುತ್ವವನ್ನೂ ಕೊಡು. ಓ ಮರಿಯ ಮಾತೆಯೇ, ಶಿಲುಬೆಯ ಬಳಿ ಮಾತಿಲ್ಲದೆ ನಿಂತವಳೇ, ನಮ್ಮ ಹಾಸಿಗೆಯ ಬಳಿಯೂ ನಿಲ್ಲು. ಆಮೆನ್.